ಕೀನ್ಯಾದಲ್ಲಿ ರೂತವ್ವ ದೃಷ್ಟಿ ತೆಗೆದ ವಾರ

ರಾಯಚೂರು ಸ್ಟೇಷನ್

ನಮ್ಮನ್ನು ಕಳಿಸಿಕೊಡಲು ರಾಯಚೂರು ಸ್ಟೇಷನ್ನಿಗೆ ಬಂದವರು ಇಪ್ಪತ್ತಕ್ಕೂ ಹೆಚ್ಚು ಜನ. ಹೊರಟವರು ಇಬ್ಬರು. ಒಬ್ಬಳು ನಾನು, ಮಾನ್ವಿಯ ಶಾಲೆಯೊಂದರಲ್ಲಿ ಇಪ್ಪತ್ತಮೂರು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿರುವ ಸುಗುಣಾ. ಇನ್ನೊಬ್ಬರು ದೇವದುರ್ಗದಲ್ಲಿ ಹುಡುಗಿಯರ ಹಾಸ್ಟೆಲ್ಲೊಂದರ ಅಡುಗೆ ಮನೆಯನ್ನು ಅಷ್ಟೇ ಕಾಲ ನಡೆಸಿದ್ದ ರೂತವ್ವ. ಬಂದವರೆಲ್ಲ ಹಾಡು ಹೇಳಿ, ಪ್ರಾರ್ಥನೆ ಮಾಡಿ, ನಮ್ಮ ತಲೆಯ ಮೇಲೆ ಕೈಯಿಟ್ಟು ಹರಸುವಷ್ಟರಲ್ಲಿ ಮುಂಬೈ ರೈಲು ಬಂದು ನಿಂತಿತು. ಕೊನೆಯ ಆಮೆನ್ನನ್ನು ನಾನು ಬೋಗಿಯ ಬಾಗಿಲಲ್ಲಿ ನಿಂತು ಹೇಳಿದೆ.

ನಮ್ಮ ಚರ್ಚಿನ ಸಭೆಗೂ ಕೀನ್ಯಾ ದೇಶದ ಒಂದು ಮಕ್ಕಳ ಮನೆಗೂ ಹಳೆಯ ನಂಟು. ತಂದೆತಾಯಿ ಇಲ್ಲದ, ಇದ್ದೂ ಇಲ್ಲದಂತಾದ ಮಕ್ಕಳನ್ನು ಅಲ್ಲಿ ಸಾಕುತ್ತಾರೆ. ಬೇಸಿಗೆ ರಜೆಯಲ್ಲಿ ನಮ್ಮಲ್ಲಿಂದ ಇಬ್ಬರು ಹೋಗಿ ಆರು ವಾರ ಸೇವೆ ಮಾಡಿ ಬರುವುದು ರೂಢಿ. ಈ ಸಲ ನನ್ನ ಹೆಸರು ಬಂದದ್ದು ನನಗೆ ಇಂಗ್ಲಿಷ್ ಬರುತ್ತದೆ ಎಂಬ ಕಾರಣಕ್ಕೆ. ರೂತವ್ವನ ಹೆಸರು ಬಂದದ್ದು ಅವರು ಪಾಸ್ಟರ ಬೆನ್ನು ಬಿಡದೇ ಇದ್ದುದರಿಂದ.

ಅದಕ್ಕೆ ಕಾರಣವಿತ್ತು. ಮಕ್ಕಳ ಸಂಖ್ಯೆ ಇಳಿಯಿತೆಂದು ಹಿಂದಿನ ವರ್ಷ ಆ ಹಾಸ್ಟೆಲ್ ಮುಚ್ಚಿತು. ರೂತವ್ವನಿಗೆ ಗಂಡ ತೀರಿ ಬಹಳ ವರ್ಷ, ಸ್ವಂತ ಮಕ್ಕಳಿಲ್ಲ. ಮಸರಕಲ್ಲಿನ ತಮ್ಮನ ಮನೆಗೆ ಹೋಗಿ ಉಳಿದರು. ಅಲ್ಲಿ ಊಟಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ಆದರೂ ಪ್ರತಿ ಭಾನುವಾರ ಬಸ್ಸು ಹಿಡಿದು ರಾಯಚೂರಿಗೆ ಬಂದು, ಆರಾಧನೆ ಮುಗಿದೊಡನೆ ಪಾಸ್ಟರ ಮುಂದೆ ನಿಲ್ಲುತ್ತಿದ್ದರು. "ಯಪ್ಪಾ, ಅಡಗಿ ಮಾಡ್ತೀನಿ, ಕಸ ಹೊಡಿತೀನಿ, ಏನು ಹೇಳಿದ್ರ ಅದು ಮಾಡ್ತೀನಿ. ಮಕ್ಕಳಿರೋ ಕಡಿ ಕಳಿಸ್ರಿ." ಹತ್ತನೆಯ ಭಾನುವಾರವೋ ಹನ್ನೊಂದನೆಯದೋ ಪಾಸ್ಟರು ಸೋತರು.

ನನ್ನದು ಒಂದು ಸೂಟ್‌ಕೇಸು. ರೂತವ್ವನದು ಒಂದು ಸೂಟ್‌ಕೇಸು ಮತ್ತು ಬಿಳಿ ಬಟ್ಟೆಯಲ್ಲಿ ಕಟ್ಟಿದ ಖಡಕ್ ರೊಟ್ಟಿಯ ಗಂಟು. ಐವತ್ತು ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು, ಒಂದು ಚೀಲ ಒಣ ಮೆಣಸಿನಕಾಯಿ. ಅಲ್ಲಿ ಊಟ ಕೊಡುತ್ತಾರೆ ರೂತವ್ವ ಎಂದರೆ, "ಕೊಡ್ಲಿ ಬಿಡ್ರಿ ಅಕ್ಕೋರ, ಅವ್ರು ಕೊಟ್ಟದ್ದೂ ಉಣ್ಣೋಣು" ಎಂದರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಆ ಹೆಸರಿಗೆ ಸಿಗುವ ಮರ್ಯಾದೆ ನನಗೆ ತುಸು ಹೆಚ್ಚೇ ರೂಢಿಯಾಗಿತ್ತು ಎಂಬುದು ಮುಂದೆ ತಿಳಿಯುತ್ತದೆ.

ನೈರೋಬಿ

ವಿಮಾನ ನಿಲ್ದಾಣದ ಅಧಿಕಾರಿ ರೊಟ್ಟಿಯ ಗಂಟು ಬಿಚ್ಚಿಸಿದ. ಒಂದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ, ಬೆರಳಿನಿಂದ ಬಡಿದ. ಟಣ್ ಎಂದಿತು. ಇದು ಏನು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ವಿವರಿಸಲು ವಾಕ್ಯ ಜೋಡಿಸುತ್ತಿರುವಾಗಲೇ ರೂತವ್ವ ಒಂದು ಚೂರು ಮುರಿದು ತಾವು ಬಾಯಿಗೆ ಹಾಕಿಕೊಂಡು, ಇನ್ನೊಂದು ಚೂರನ್ನು ಅವನ ಮುಂದೆ ಹಿಡಿದರು. ಅವನು ತಿನ್ನಲಿಲ್ಲ, ಆದರೆ ನಕ್ಕ. ಗುರೆಳ್ಳು ಹಿಂಡಿಯ ಡಬ್ಬಿಯನ್ನು ಮೂಸಿ ಮೂರು ಸಲ ಸೀನಿ, ಹೋಗಿ ಎಂದು ಕೈ ಬೀಸಿದ.

ಹೊರಗೆ ಬಂದರೆ ಚಳಿ. ರಾಯಚೂರಿನಲ್ಲಿ ಹೊರಟಾಗ ಡಾಂಬರು ಮೆತ್ತಗಾಗುವ ಬಿಸಿಲು. ಇಲ್ಲಿ ಏಪ್ರಿಲ್ ತಿಂಗಳಲ್ಲಿ ಜನ ಕೋಟು ಹಾಕಿಕೊಂಡು ಓಡಾಡುತ್ತಿದ್ದರು. ಆಫ್ರಿಕಾ ಎಂದರೆ ಬಿಸಿಲು ಎಂದು ಇಪ್ಪತ್ತಮೂರು ವರ್ಷ ಮಕ್ಕಳಿಗೆ ಹೇಳಿದವಳು ನಾನು. ಸೀರೆಯ ಸೆರಗನ್ನು ಎರಡು ಸುತ್ತು ಹೊದ್ದುಕೊಂಡು ನಡುಗುತ್ತ ನಿಂತೆ. ರೂತವ್ವ ಮಾತ್ರ ಚೀಲದಿಂದ ಉಣ್ಣೆಯ ಸ್ವೆಟರು ತೆಗೆದು ಹಾಕಿಕೊಂಡರು. "ಪರದೇಶ ಅಂದ್ರ ಥಂಡಿ ಇರ್ತದಂತ ಯಾರೋ ಅಂದಿದ್ರು" ಎಂದರು. ಯಾವ ಪರದೇಶ ಎಂದು ಅವರು ಕೇಳಿರಲಿಲ್ಲ.

ಮಕ್ಕಳ ಮನೆ ದೇಶದ ಪಶ್ಚಿಮಕ್ಕೆ, ದೊಡ್ಡ ಸರೋವರದ ಕಡೆ ಇದೆ. ಬಸ್ಸಿನಲ್ಲಿ ಇಡೀ ದಿನದ ದಾರಿ. ಆ ಬಸ್ಸಿನಲ್ಲಿ ನನಗೆ ಮೊದಲ ಪೆಟ್ಟು ಬಿತ್ತು. ನನ್ನ ಇಂಗ್ಲಿಷ್ ಅಲ್ಲಿನವರ ಕಿವಿಗೆ ಹತ್ತಲಿಲ್ಲ, ಅವರದು ನನ್ನ ಕಿವಿಗೆ ಹತ್ತಲಿಲ್ಲ. ಆದರೆ ಅವರ ಸ್ವಾಹಿಲಿ ಭಾಷೆ ರೂತವ್ವನಿಗೆ ಹತ್ತಿತು. ದೇವದುರ್ಗದಲ್ಲಿ ಅವರು ನೀರು ಸೇದುತ್ತಿದ್ದದ್ದು, ಹರಟುತ್ತಿದ್ದದ್ದು ಎಲ್ಲ ಮುಸ್ಲಿಂ ಮನೆಗಳ ಹೆಂಗಸರ ಜೊತೆ, ದಖನಿ ಮಾತಿನಲ್ಲಿ. ಪಕ್ಕದ ಸೀಟಿನ ಹೆಂಗಸು ಹಬಾರಿ ಎಂದು ಕೇಳಿದಳು. "ಖಬರು ಕೇಳಾಕತ್ತಾಳ್ರಿ ಅಕ್ಕೋರ" ಎಂದು ರೂತವ್ವ ನನಗೆ ಅರ್ಥ ಹೇಳಿದರು. ಗಾಡಿಗೆ ಗಾರಿ, ಅಂಗಡಿಗೆ ದುಕಾ, ಸಾಬೂನಿಗೆ ಸಬೂನಿ, ಔಷಧಿಗೆ ದವಾ, ಪುಸ್ತಕಕ್ಕೆ ಕಿತಾಬು. ಊರು ತಲುಪುವ ಹೊತ್ತಿಗೆ ಆ ಇಬ್ಬರೂ ಒಬ್ಬರ ಮಂಡಿಯನ್ನು ಒಬ್ಬರು ತಟ್ಟಿ ನಗುತ್ತಿದ್ದರು. ದುಭಾಷಿಯಾಗಿ ಬಂದ ನಾನು ಕಿಟಕಿಯಾಚೆ ಚಹಾ ತೋಟ ನೋಡುತ್ತ ಕೂತಿದ್ದೆ.

ಮೊದಲ ದಿನ

ಮಕ್ಕಳ ಮನೆ ಒಂದು ಇಳಿಜಾರಿನ ಮೇಲಿದೆ. ಅಂಗಳದಲ್ಲಿ ನಿಂತರೆ ಕೆಳಗೆ ನೀರು ಕಾಣುತ್ತದೆ, ನೀರಿನ ಆಚೆ ದಂಡೆ ಕಾಣುವುದಿಲ್ಲ. ರೂತವ್ವ ಬಹಳ ಹೊತ್ತು ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು ನೋಡಿದರು. ಕೃಷ್ಣೆಗೆ ಪ್ರವಾಹ ಬಂದಾಗಲೂ ಆಚೆಯ ಊರು ಕಾಣುತ್ತಿತ್ತು ಎಂಬುದು ಅವರ ತಕರಾರು.

ಆ ಮನೆಯ ಹಿರಿಯರು ಮಾಮಾ ಆಲಿಸ್. ಮಾಮಾ ಎಂದರೆ ಅಲ್ಲಿ ಅಮ್ಮ. ಹಿಂದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಎತ್ತರದ ಆಳು, ಕೊರಳಲ್ಲಿ ದಾರ ಕಟ್ಟಿದ ಕನ್ನಡಕ, ನಿಧಾನವಾದ ಸ್ಪಷ್ಟ ಇಂಗ್ಲಿಷ್. ಅವರ ಮಾತು ನನಗೆ ತಿಳಿಯಿತು, ನನ್ನದು ಅವರಿಗೆ ತಿಳಿಯಿತು. ಜೀವ ಬಂದಂತಾಯಿತು.

ಅಲ್ಲಿ ಯಾರೂ ಬಂದ ಕೂಡಲೇ ಕೆಲಸದ ಮಾತಾಡುವುದಿಲ್ಲ. ಒಬ್ಬೊಬ್ಬರ ಕೈ ಹಿಡಿದು ಕುಲುಕಬೇಕು, ದಾರಿ ಹೇಗಿತ್ತು, ಮನೆಯವರು ಹೇಗಿದ್ದಾರೆ, ಮಳೆ ಹೇಗಿದೆ ಎಂದು ಕೇಳಬೇಕು. ನಾಲ್ಕು ವರ್ಷದ ಮಗುವೂ ಬಂದು ಗಂಭೀರವಾಗಿ ಕೈ ಕೊಡುತ್ತದೆ. ಮದುವೆಯಾದ ಹೆಂಗಸನ್ನು ಅವಳ ಹೆಸರಿನಿಂದ ಕರೆಯುವುದು ಕಡಿಮೆ, ಮೊದಲ ಮಗುವಿನ ಹೆಸರು ಸೇರಿಸಿ ಮಾಮಾ ಇಂಥವರು ಎನ್ನುತ್ತಾರೆ. ನಮ್ಮಲ್ಲಿ ಸುನೀಲನ ಅವ್ವ ಎನ್ನುವುದಿಲ್ಲವೇ, ಹಾಗೆ. ನನ್ನ ಮಗನ ಹೆಸರು ಕೇಳಿ ನನ್ನನ್ನು ಮಾಮಾ ಪ್ರಶಾಂತ್ ಮಾಡಿದರು. ಆಮೇಲೆ ಅಡುಗೆಯ ಹೆಂಗಸು ಆಚಿಯೆಂಗ್ ರೂತವ್ವನ ಕಡೆ ತಿರುಗಿ, ನೀವು ಮಾಮಾ ಯಾರು ಎಂದಳು.

ನಾನು ಹಿಂಜರಿಯುತ್ತಲೇ ಅದನ್ನು ಕನ್ನಡಕ್ಕೆ ತಂದೆ. ಆದರೆ ರೂತವ್ವನಿಗೆ ಮುಜುಗರವೇನೂ ಆಗಲಿಲ್ಲ. "ಹಡದದ್ದು ಒಂದೂ ಇಲ್ಲ ಅನ್ರಿ. ದೇವದುರ್ಗದಾಗ ಯವ್ವಾ ಅಂತ ಕರದ ಹುಡಿಗ್ಯಾರ ಹೆಸರು ಹೇಳ್ಕೋತ ಕುಂತ್ರ ಸಂಜಿ ಆಗ್ತದ. ಬರೇ ದೇವದುರ್ಗ ಅಂತ ಕರೀರಿ ಅನ್ರಿ." ಹಾಗೆ ಅವರು ಮಾಮಾ ದೇವದುರ್ಗ ಆದರು. ಮಕ್ಕಳ ನಾಲಿಗೆಯಲ್ಲಿ ಅದು ಮಾಮಾ ದೇವೋ ಆಯಿತು.

ಚಹಾ ಕುಡಿದ ಮೇಲೆ ಮಾಮಾ ಆಲಿಸ್ ಕೆಲಸದ ಮಾತಿಗೆ ಬಂದರು. ಮೊದಲ ವಾರ ನಾವು ಅಡುಗೆ ಮನೆ, ಅಂಗಳ, ಊಟದ ಕೋಣೆ ಇಷ್ಟರಲ್ಲೇ ಇರಬೇಕು. ಅವರು ನೋಡುತ್ತಾರೆ. ವಾರ ಕಳೆದ ಮೇಲೆ, ಒಪ್ಪಿಗೆಯಾದರೆ, ರೂತವ್ವನಿಗೆ ಚಿಕ್ಕ ಮಕ್ಕಳ ಕೋಣೆಯ ಕೆಲಸ. ಒಪ್ಪಿಗೆಯಾಗದಿದ್ದರೆ ಉಳಿದ ಐದು ವಾರ ಉಗ್ರಾಣದಲ್ಲಿ ಕಾಳು ಆರಿಸುವುದು, ಬಟ್ಟೆ ಹೊಲಿಯುವುದು. ಬಂದವರು ಯಾರೇ ಆಗಲಿ, ಎಲ್ಲಿಂದಲೇ ಬರಲಿ, ಇದೇ ಕ್ರಮ ಎಂದರು.

ನಾನು ಅದನ್ನು ಕನ್ನಡದಲ್ಲಿ ಹೇಳಿದೆ. ರೂತವ್ವ ಕೈ ಮುಗಿದು ಕೇಳಿಸಿಕೊಂಡರು. "ಶಾಲಿ ಮೆಟ್ಟಲಾ ಹತ್ತಿಲ್ರಿ ನಾನು. ಪರೀಕ್ಷಿ ಬರಿಯಾಕ ಇಷ್ಟು ದೂರ ಬಂದಂಗಾತು" ಎಂದು ನಕ್ಕರು. ಆದರೆ ರಾತ್ರಿಯ ಪ್ರಾರ್ಥನೆಯಲ್ಲಿ ಅವರು ಬೇಡಿಕೊಂಡದ್ದು ಅದೊಂದೇ. ಯೇಸಪ್ಪ, ಮಕ್ಕಳ ಕೋಣಿ ಕೊಡಸು.

ಮೂರನೆಯ ದಿನ

ಸಂತೆಗೆ ಹೋಗಲು ನಾಳೆ ಎರಡು ಗಂಟೆಗೆ ಸಿದ್ಧರಾಗಿ ಎಂದು ಆಚಿಯೆಂಗ್ ಹೇಳಿದ್ದಳು. ನಾನು ಬೆಳಿಗ್ಗೆ ದೊಡ್ಡ ಮಕ್ಕಳ ಜೊತೆ ಕೂತು ಪಾಠ ತಿದ್ದಿ, ಮಧ್ಯಾಹ್ನ ಊಟ ಮಾಡಿ, ಸೀರೆ ಬದಲಿಸಿ, ಎರಡಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿ ನಿಂತೆ. ಯಾರೂ ಇರಲಿಲ್ಲ. ಒಳಗೆ ಹೋಗಿ ನೋಡಿದರೆ ರೂತವ್ವ ಸಂತೆಯಿಂದ ಬಂದು ಕಾಯಿಪಲ್ಲೆ ಸೋಸುತ್ತಿದ್ದರು.

ಅಲ್ಲಿ ದಿನದ ಲೆಕ್ಕ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಗಡಿಯಾರದ ಏಳು ಅವರ ಒಂದು, ನಮ್ಮ ಎಂಟು ಅವರ ಎರಡು. ನಿಮಗೆ ಹೇಗೆ ಗೊತ್ತಾಯಿತು ಎಂದು ರೂತವ್ವನನ್ನು ಕೇಳಿದೆ. "ಹೊತ್ತು ಹುಟ್ಟಿ ಎರಡು ತಾಸಿಗೆ ಅಂದ್ಲು. ನಾವೂ ಹಂಗ ಅಂತೀವಲ್ರಿ ಹೊಲದಾಗ. ನಿಮ್ಮನ್ನ ಕರೀಬೇಕಂದ್ರ ನೀವು ಕನ್ನಡಕ ಹಾಕ್ಕೊಂಡು ಬರಿಯಾಕತ್ತಿದ್ರಿ, ಅಕ್ಕೋರ ಕೆಲಸದಾಗ ಅದಾರ ಅಂತ ಸುಮ್ನ ಹೋದಿವಿ."

ಸಂತೆಯಿಂದ ಅವರು ತಂದದ್ದರಲ್ಲಿ ಒಂದು ಸೇರು ಜೋಳವೂ ಇತ್ತು. ಮೆಕ್ಕೆಜೋಳವಲ್ಲ, ನಮ್ಮ ಜೋಳ, ತುಸು ಕೆಂಪಗಿನದು. ಆ ಜನ ದಿನವೂ ಉಣ್ಣುವುದು ಮೆಕ್ಕೆಜೋಳದ ಹಿಟ್ಟಿನ ಉಗಾಲಿ. ನಮ್ಮ ಸಂಗಟಿ, ಅಂದರೆ ಮುದ್ದೆಯೇ, ಇನ್ನೂ ಗಟ್ಟಿ. ಅದನ್ನು ಬೆರಳಿನಲ್ಲಿ ಒತ್ತಿ ಗುಣಿ ಮಾಡಿ ಸೊಪ್ಪಿನ ಪಲ್ಯ ಎತ್ತಿಕೊಳ್ಳುತ್ತಾರೆ. ರೂತವ್ವ ಎರಡು ದಿನ ಅದನ್ನು ಉಂಡು, ಮೂರನೆಯ ದಿನ ಜೋಳ ಬೀಸಿಸಿ ಒಲೆಯ ಮುಂದೆ ಕೂತರು. ಅವರು ರೊಟ್ಟಿ ಬಡಿಯುವ ಸದ್ದಿಗೆ ಮಕ್ಕಳು ಒಬ್ಬೊಬ್ಬರಾಗಿ ಅಡುಗೆ ಮನೆಯ ಬಾಗಿಲಿಗೆ ಬಂದರು. ಎಲ್ಲರಿಗಿಂತ ಮುಂದೆ ಅಕಿನ್ಯಿ.

ಅಕಿನ್ಯಿಗೆ ನಾಲ್ಕು ವರ್ಷ. ಬೆಳಿಗ್ಗೆ ಹುಟ್ಟಿದ ಹುಡುಗಿಗೆ ಅಲ್ಲಿ ಆ ಹೆಸರಿಡುತ್ತಾರೆ. ಮಧ್ಯಾಹ್ನ ಹುಟ್ಟಿದವಳು ಆಚಿಯೆಂಗ್. ಗಲ್ಲದಲ್ಲಿ ಗುಳಿ ಬೀಳುವ, ಎಲ್ಲರಿಗೂ ಕೈಕೊಟ್ಟು ಖಬರು ಕೇಳುವ ಮಗು. ಅದಕ್ಕೆ ರೂತವ್ವನ ಸೆರಗು ಬಹಳ ಹಿಡಿಸಿತು. ಅದರ ತುದಿ ಹಿಡಿದುಕೊಂಡರೆ ಬಿಡುತ್ತಿರಲಿಲ್ಲ. ರೂತವ್ವ ನೀರಿಗೆ ಹೋದರೆ ನೀರಿಗೆ, ಕಟ್ಟಿಗೆಗೆ ಹೋದರೆ ಕಟ್ಟಿಗೆಗೆ. ಮಾಮಾ ಆಲಿಸ್ ದೂರದಿಂದ ಕನ್ನಡಕ ಏರಿಸಿ ನೋಡುತ್ತಿದ್ದರು. ಅವರ ಮುಖದಲ್ಲಿ ಬೇಸರವಿರಲಿಲ್ಲ. ರೂತವ್ವ ಪಾಸಾಗುತ್ತಾರೆ ಎಂದು ನಾನು ಮನಸ್ಸಿನಲ್ಲೇ ಅಂಕ ಕೊಟ್ಟುಬಿಟ್ಟೆ.

ಐದನೆಯ ದಿನ, ಸಂಜೆ

ಬೆಳಿಗ್ಗೆ ಪಕ್ಕದ ಊರಿನ ಚರ್ಚಿನಿಂದ ಅತಿಥಿಗಳು ಬಂದಿದ್ದರು. ಮಕ್ಕಳು ಹಾಡಿ ಕುಣಿದರು. ಅಕಿನ್ಯಿ ಎಲ್ಲರ ಮುಂದೆ ನಿಂತು ಸೊಂಟ ತಿರುಗಿಸಿ ಕುಣಿದದ್ದಕ್ಕೆ ಚಪ್ಪಾಳೆಯೋ ಚಪ್ಪಾಳೆ. ಬಂದವರೆಲ್ಲ ಅವಳನ್ನೇ ನೋಡಿ ಹೊಗಳಿದರು. ಮಧ್ಯಾಹ್ನದ ಹೊತ್ತಿಗೆ ಮಗುವಿನ ಮೈ ಸುಡತೊಡಗಿತು. ಮಾಮಾ ಆಲಿಸ್ ರಕ್ತ ಪರೀಕ್ಷೆ ಮಾಡಿಸಿ, ಮಲೇರಿಯಾ ಎಂದು ತಿಳಿದು, ಔಷಧಿಯನ್ನೂ ಶುರು ಮಾಡಿದರು. ಅಲ್ಲಿ ಮಲೇರಿಯಾ ದಿನದ ಮಾತು, ಯಾರೂ ಗಾಬರಿಯಾಗುವುದಿಲ್ಲ.

ಸಂಜೆ ನಾನು ಹೊರಗೆ ಕೂತು ಪುಸ್ತಕ ತಿದ್ದುತ್ತಿದ್ದೆ. ಅಡುಗೆ ಮನೆಯ ಕಡೆಯಿಂದ ಒಂದು ಘಾಟು ಬಂತು. ಮೂಗಿಗೆ ತಾಗಿದ ಕೂಡಲೇ ಏನೆಂದು ತಿಳಿಯಿತು. ಮಟಮಾರಿಯ ನನ್ನ ಅಜ್ಜಿ ಶನಿವಾರ ಸಂಜೆ ಉಪ್ಪು ಮೆಣಸಿನಕಾಯಿ ಹಿಡಿದು ನಮಗೆಲ್ಲ ದೃಷ್ಟಿ ತೆಗೆದು ಒಲೆಗೆ ಹಾಕುತ್ತಿದ್ದಳು, ಭಾನುವಾರ ಬೆಳಿಗ್ಗೆ ಬೈಬಲ್ ಹಿಡಿಸಿ ಚರ್ಚಿಗೆ ಕರೆದೊಯ್ಯುತ್ತಿದ್ದಳು. ಎರಡಕ್ಕೂ ಅವಳ ಮನಸ್ಸಿನಲ್ಲಿ ಜಗಳವಿರಲಿಲ್ಲ. ನಾನು ಪುಸ್ತಕ ಎಸೆದು ಓಡಿದೆ. ಆದರೆ ನನಗಿಂತ ಮೊದಲೇ ಮಾಮಾ ಆಲಿಸ್ ಅಲ್ಲಿದ್ದರು.

ಇದ್ದಿಲ ಒಲೆಯ ಮುಂದೆ ಮಣೆಯ ಮೇಲೆ ಅಕಿನ್ಯಿ, ಕಂಬಳಿ ಹೊದ್ದು ಕೂತಿತ್ತು. ರೂತವ್ವ ಮುಷ್ಟಿಯನ್ನು ಅದರ ಮುಖದ ಸುತ್ತ ಮೂರು ಸಲ ಇಳಿಸಿ, ಮೂರು ಸಲ ತೂ ಅನ್ನಿಸಿ, ಮುಷ್ಟಿಯಲ್ಲಿದ್ದದ್ದನ್ನು ಕೆಂಡಕ್ಕೆ ಹಾಕಿಯಾಗಿತ್ತು. "ಯೇಸಪ್ಪ, ಬಂದೋರ ಕಣ್ಣು, ಹೋದೋರ ಕಣ್ಣು, ಕೂಸಿನ ಮ್ಯಾಲ ಇರಬಾರದು" ಎನ್ನುತ್ತಿದ್ದರು. ಕೋಣೆಯ ತುಂಬ ಹೊಗೆ, ಎಲ್ಲರಿಗೂ ಕೆಮ್ಮು. ಮೂಲೆಯಲ್ಲಿ ಹತ್ತು ಹನ್ನೆರಡು ವರ್ಷದ ಇಬ್ಬರು ಹುಡುಗಿಯರು ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅವರಲ್ಲಿ ಒಬ್ಬಳು ಸದ್ದಿಲ್ಲದೆ ಅಳುತ್ತಿದ್ದಳು.

ಮಾಮಾ ಆಲಿಸ್ ಒಲೆಗೆ ಒಂದು ತಂಬಿಗೆ ನೀರು ಸುರಿದರು. ಅಕಿನ್ಯಿಯನ್ನು ಎತ್ತಿಕೊಂಡರು, ಆ ಹುಡುಗಿಯರಿಬ್ಬರನ್ನು ಮುಂದೆ ಬಿಟ್ಟುಕೊಂಡು ಹೊರಗೆ ಹೋದರು. ಬಾಗಿಲಲ್ಲಿ ತಿರುಗಿ, ನಾಳೆ ಬೆಳಿಗ್ಗೆ ಇಬ್ಬರೂ ನನ್ನ ಕೋಣೆಗೆ ಬನ್ನಿ ಎಂದಷ್ಟೇ ಹೇಳಿದರು.

ರೂತವ್ವನಿಗೆ ಏನಾಯಿತೆಂದು ತಿಳಿಯಲಿಲ್ಲ. ಒದ್ದೆಯಾದ ಇದ್ದಿಲನ್ನು ನೋಡುತ್ತ, "ಘಾಟು ಬಂತ್ರಿ ಅಕ್ಕೋರ. ದಿಷ್ಟಿ ಆಗಿದ್ರ ಘಾಟು ಬರ್ತಿದ್ದಿಲ್ಲ. ಬರೇ ಜ್ವರ ಅದ, ದವಾದಾಗ ಹೋಗ್ತದ" ಎಂದರು. ಅಂದರೆ ಅವರ ಪರೀಕ್ಷೆಯಲ್ಲೂ ಮಲೇರಿಯಾ ಎಂದೇ ಬಂದಿತ್ತು.

ಆರನೆಯ ದಿನ

ಮಾಮಾ ಆಲಿಸರ ಮೇಜಿನ ಮೇಲೆ ನಾಲ್ಕು ಹಾಳೆಯ ಒಂದು ಕಾಗದವಿತ್ತು. ಮಕ್ಕಳ ಜೊತೆ ಕೆಲಸ ಮಾಡುವವರು ಪಾಲಿಸಬೇಕಾದ ನಿಯಮಗಳು. ನಮ್ಮಿಬ್ಬರ ಸಹಿಗಳಿದ್ದವು. ಅವರು ಮೂರನೆಯ ಹಾಳೆ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು. ಮಗುವಿಗೆ ಕಾಯಿಲೆ ಬಂದಾಗ ಮನೆಯ ಹಿರಿಯರನ್ನು ಕೇಳದೆ ಯಾವುದೇ ಮದ್ದು, ಶಾಸ್ತ್ರ, ಪರಿಹಾರ ಮಾಡಕೂಡದು.

"ನಿನ್ನೆ ಗೋಡೆಗೆ ನಿಂತಿದ್ದ ಹುಡುಗಿಯರನ್ನು ನೋಡಿದಿರಲ್ಲ" ಎಂದರು. "ಅವರ ಊರಿನಲ್ಲಿ ಒಂದೇ ಮನೆಯಲ್ಲಿ ಎರಡು ಸಾವಾದವು. ಈ ಮಕ್ಕಳ ಕಾಲ್ಗುಣ ಎಂದು ಯಾರೋ ಹೇಳಿದರು. ಇಬ್ಬರನ್ನೂ ಕೂರಿಸಿ ಸುತ್ತ ಹೊಗೆ ಹಾಕಿದರು. ಆಮೇಲೆ ಊರಿನಿಂದ ಹೊರಗೆ ಕಳಿಸಿದರು. ಹೊಗೆ ಕಂಡರೆ ಅವರು ಈಗಲೂ ಊಟ ಬಿಡುತ್ತಾರೆ. ಈ ನಿಯಮ ನಾನು ಬರೆದದ್ದು ಅಂಥವರಿಗಾಗಿ." ಆಮೇಲೆ ಹೇಳಿದರು, "ನಿಮ್ಮ ಜೊತೆಯವರು ಒಳ್ಳೆಯ ಹೆಂಗಸು. ನನಗೆ ಒಂದೇ ಮಾತು ಗೊತ್ತಾಗಬೇಕು. ಈ ನಿಯಮ ಗೊತ್ತಿದ್ದೂ ಮಾಡಿದರೇ? ಗೊತ್ತಿದ್ದರೆ ಅವರನ್ನು ಮಕ್ಕಳ ಹತ್ತಿರ ಬಿಡಲಾರೆ."

ರೂತವ್ವ ಕುರ್ಚಿಯ ಅಂಚಿನಲ್ಲಿ ಕೂತು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಏನಂತಾರ ಅಕ್ಕೋರ?"

ಈ ಕಥನದ ಆರಂಭದಲ್ಲಿ ಸ್ಟೇಷನ್ನಿನ ಹಾಡು ಪ್ರಾರ್ಥನೆಯನ್ನೆಲ್ಲ ಹೇಳಿದೆ, ಒಂದನ್ನು ಬೇಕೆಂದೇ ಬಿಟ್ಟೆ. ಸ್ಟೇಷನ್ನಿಗೆ ಹೊರಡುವ ಮೊದಲು ಚರ್ಚಿನ ಕೋಣೆಯಲ್ಲಿ ಪಾಸ್ಟರು ಈ ಹಾಳೆಗಳನ್ನು ನನ್ನ ಕೈಗಿತ್ತಿದ್ದರು. "ಅಕ್ಕೋರ, ರೂತವ್ವಗ ಎಲ್ಲಾ ತಿಳಿಸಿ ಹೇಳಿ ಸಹಿ ಮಾಡಿಸ್ರಿ" ಎಂದಿದ್ದರು. ಹೊರಗೆ ಆಟೋ ನಿಂತಿತ್ತು. ನಾನು ಹಾಳೆಗಳನ್ನು ಮಗುಚಿ ಹಾಕುತ್ತ ಹೇಳಿದ್ದಿಷ್ಟು. ಮಕ್ಕಳಿಗೆ ಹೊಡಿಬಾರದು, ಫೋಟೋ ತೆಗಿಬಾರದು, ಅವ್ರು ಹೇಳಿದಂಗ ಕೇಳ್ಬೇಕು, ಇಲ್ಲಿ ಸಹಿ ಮಾಡ್ರಿ. ರೂತವ್ವನಿಗೆ ಬರೆಯಲು ಬರುವುದು ತಮ್ಮ ಹೆಸರೊಂದೇ. ನಾಲಿಗೆ ಕಚ್ಚಿಕೊಂಡು ನಿಧಾನವಾಗಿ ಬರೆದರು. ಅದರ ಕೆಳಗೆ, ಎಲ್ಲ ನಿಯಮಗಳನ್ನೂ ಇವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿದ್ದೇನೆ ಎಂಬ ಸಾಲಿನ ಮುಂದೆ, ನಾನು ಸಹಿ ಮಾಡಿದೆ.

ಈಗ ಆ ಕೋಣೆಯಲ್ಲಿ ಇಬ್ಬರ ಭಾಷೆಯೂ ಗೊತ್ತಿದ್ದವಳು ನಾನೊಬ್ಬಳೇ. ಗೊತ್ತಿತ್ತು, ಮರೆತರು, ತಪ್ಪಾಯಿತು ಎನ್ನುತ್ತಾರೆ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಹೇಳಿದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ರೂತವ್ವನಿಗೆ ಅದು ಎಂದೂ ತಿಳಿಯುತ್ತಿರಲಿಲ್ಲ, ಉಗ್ರಾಣದಲ್ಲಿ ಕೂತು ಕಾಳು ಆರಿಸುತ್ತಿದ್ದರು. ಆ ಸಾಲು ನನ್ನ ನಾಲಿಗೆಯ ತುದಿಗೆ ಬಂದಿತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಬಂದಿತ್ತು.

ರೂತವ್ವ ಇನ್ನೂ ನನ್ನ ಬಾಯಿ ನೋಡುತ್ತಲೇ ಇದ್ದರು. ನನಗೆ ಆಗಲಿಲ್ಲ. ಅವರಿಗೆ ಗೊತ್ತಿರಲಿಲ್ಲ, ನಾನು ಓದಿ ಹೇಳಲಿಲ್ಲ, ಹೇಳಿದ್ದೇನೆಂದು ಸುಳ್ಳು ಸಹಿ ಮಾಡಿದ್ದೇನೆ ಎಂದು ಮಾಮಾ ಆಲಿಸರಿಗೆ ಹೇಳಿದೆ.

ಅವರು ಕನ್ನಡಕ ತೆಗೆದರು. "ಎಷ್ಟು ವರ್ಷದಿಂದ ಟೀಚರ್ ಆಗಿದ್ದೀರಿ?"

"ಇಪ್ಪತ್ತಮೂರು."

"ಹಾಗಾದರೆ ಓದಲು ಬರುತ್ತದೆ" ಎಂದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಆಮೇಲೆ ತೀರ್ಪು ಹೇಳಿದರು. ಈ ನಾಲ್ಕು ಹಾಳೆಯನ್ನು ನಾನು ಅವರ ಎದುರಿಗೇ ಒಂದೊಂದು ಸಾಲು ಕನ್ನಡದಲ್ಲಿ ಓದಬೇಕು. ರೂತವ್ವ ಅದನ್ನು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ನಾನು ಅದನ್ನು ಇಂಗ್ಲಿಷಿಗೆ ತರಬೇಕು. ಎಲ್ಲ ಮುಗಿಯುವವರೆಗೆ ಇಬ್ಬರೂ ಮಕ್ಕಳಿಂದ ದೂರ. ಮುಗಿದ ಮೇಲೆ ಮಕ್ಕಳ ಕೋಣೆಯ ವಿಷಯ.

ಹೊರಗೆ ಬಂದು ಜಗುಲಿಯ ಮೇಲೆ ಕೂತು ರೂತವ್ವನಿಗೆ ಎಲ್ಲವನ್ನೂ ಹೇಳಿದೆ, ನನ್ನ ಸಹಿಯ ವಿಷಯವನ್ನೂ. ಬೈಯಲಿ ಎಂದು ಕಾದೆ. ಅವರು ಆ ಇಬ್ಬರು ಹುಡುಗಿಯರ ಕತೆ ಕೇಳಿದ್ದೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಅವ್ವಯ್ಯ, ನಾ ಆ ಕೂಸುಗಳ ಮುಂದ ಹೊಗಿ ಹಾಕಿದ್ನಲ್ರಿ" ಎಂದರು. ಬಹಳ ಹೊತ್ತಿನ ಮೇಲೆ ಕಣ್ಣು ಒರೆಸಿಕೊಂಡು ನನ್ನ ಕಡೆ ನೋಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಂಗ ಓದಾಕ ಬರಂಗಿಲ್ರಿ ಅಕ್ಕೋರ. ಕೇಳಾಕ ಬರ್ತದ."

ಮಾನ್ವಿಯಲ್ಲಿ ನನ್ನ ಮೇಜಿನ ಮುಂದೆ ಎಷ್ಟು ತಾಯಂದಿರು ನಿಂತು ಹೋಗಿದ್ದಾರೆ. ಕೂಲಿಗೆ ಹೊತ್ತಾಯಿತೆಂದು ಅವಸರದಲ್ಲಿ ಬಂದವರು, ಬುರ್ಖಾದ ತುದಿಯಲ್ಲಿ ಬೆವರು ಒರೆಸಿಕೊಂಡವರು. ಏನದ ಅಕ್ಕೋರ ಇದ್ರಾಗ ಎಂದು ಕೇಳಿದರೆ, ಏನಿಲ್ಲ, ಇಲ್ಲಿ ಸಹಿ ಮಾಡ್ರಿ, ಇಲ್ಲಿ ಹೆಬ್ಬಟ್ಟು ಒತ್ರಿ ಎಂದು ಬೆರಳು ತೋರಿಸಿದ್ದೇನೆ. ಹೇಳಿದರೆ ಅವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ. ಒಮ್ಮೆಯೂ ಹೇಳಿ ನೋಡಿರಲಿಲ್ಲ. ಅಷ್ಟು ದೂರದ ಊರಿನ ಜಗುಲಿಯಲ್ಲಿ ಕೂತು ಆ ಮುಖಗಳನ್ನು ನೆನಪಿಸಿಕೊಳ್ಳಲು ನೋಡಿದೆ. ನೆನಪಾದವು ಬರೀ ಹೆಬ್ಬೆರಳುಗಳು.

ಏಳು, ಎಂಟು

ಓದು ಎರಡು ದಿನ ಹಿಡಿಯಿತು. ಮಾಮಾ ಆಲಿಸ್ ಮೊರದಲ್ಲಿ ಹುರುಳಿ ಆರಿಸುತ್ತ ಕೂತಿರುತ್ತಿದ್ದರು, ಆಚಿಯೆಂಗ್ ಕೆಲಸ ಬಿಟ್ಟು ಬಂದು ಕಂಬಕ್ಕೆ ಒರಗುತ್ತಿದ್ದಳು. ನಾಲ್ಕು ಹಾಳೆಗೆ ಎರಡು ದಿನ ಯಾಕೆ ಎನ್ನಬೇಡಿ. ರೂತವ್ವ ಒಂದು ಸಾಲನ್ನೂ ಸುಮ್ಮನೆ ಹೋಗಗೊಡಲಿಲ್ಲ.

ಕೇಳದೆ ಮಗುವಿಗೆ ತಿನ್ನಲು ಕೊಡಬಾರದು ಎಂದು ಓದಿದೆ. "ಹಸದ ಕೂಸು ಪರವಾನಗಿ ತಗೊಂಡು ಅಳ್ತದೇನ್ರಿ?" ಎಂದರು. ಇಲ್ಲಿ ಒಂದು ಮಗುವಿಗೆ ಶೇಂಗಾ ತಿಂದರೆ ಉಸಿರು ಕಟ್ಟುತ್ತದೆ ಎಂದರು ಮಾಮಾ ಆಲಿಸ್. ರೂತವ್ವ ಎದ್ದು ಹೋಗಿ ಶೇಂಗಾ ಹಿಂಡಿಯ ಡಬ್ಬಿ ತಂದು ಅವರ ಕಾಲ ಬಳಿ ಇಟ್ಟರು. ಮಗುವನ್ನು ಮುದ್ದಿಸುವ ಮುನ್ನ ಅದಕ್ಕೆ ಇಷ್ಟವಿದೆಯೇ ನೋಡಬೇಕು ಎಂದು ಓದಿದೆ. "ಅದು ತಾನ ಬಂದು ಸೆರಗು ಹಿಡದ್ರ?" ತಾನಾಗಿ ಬಂದರೆ ಸರಿ ಎಂದರು ಮಾಮಾ ಆಲಿಸ್. ಹಾಗಾದರೆ ಈ ನಿಯಮ ನನಗೆ ಒಪ್ಪಿಗೆ ಎಂದು ರೂತವ್ವ ಅಪ್ಪಣೆ ಕೊಟ್ಟರು. ಹುರುಳಿ ಆರಿಸುವ ಕೈ ನಿಂತು ಮಾಮಾ ಆಲಿಸ್ ನಕ್ಕದ್ದು ಆಗಲೇ. ನನಗೂ ಹಗುರಾಯಿತು. ನಿಜ ಹೇಳಬೇಕೆಂದರೆ, ನನ್ನ ಇಡೀ ನೌಕರಿಯಲ್ಲಿ ಇಷ್ಟು ಚೆನ್ನಾಗಿ ನಡೆದ ತರಗತಿ ನನಗೆ ನೆನಪಿಲ್ಲ.

ಎರಡನೆಯ ದಿನ ಮಧ್ಯಾಹ್ನ ಕೊನೆಯ ಹಾಳೆಗೆ ಬಂದೆವು. ನಡೆಸಲಾಗದ ಮಾತನ್ನು ಮಗುವಿಗೆ ಕೊಡಬಾರದು, ಮತ್ತೆ ಬರುತ್ತೇನೆ, ಇಲ್ಲೇ ಇರುತ್ತೇನೆ ಎಂದು ಹೇಳಬಾರದು ಎಂದು ಓದಿದೆ.

ರೂತವ್ವ ತಿರುಗಿ ಹೇಳಲಿಲ್ಲ. ತಿಳಿಯಲಿಲ್ಲವೇನೋ ಎಂದು ನಾನು ಇನ್ನೊಮ್ಮೆ ಓದಿದೆ.

"ತಿಳೀತ್ರಿ" ಎಂದರು. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ನಿಧಾನವಾಗಿ ಮಾತಾಡಿದರು. "ನಮ್ಮ ಹುಡಿಗ್ಯಾರು ಸೂಟಿಗೆ ಊರಿಗೆ ಹೊಂಟಾಗ ಒಬ್ಬೊಬ್ರಿಗೂ ಹೇಳಿದ್ದೆ. ಜೂನದಾಗ ಬರ್ರಿ, ಬಿಸಿ ರೊಟ್ಟಿ ಮಾಡ್ಕೊಂಡು ಕುಂತಿರ್ತೀನಿ ಅಂತ. ಅದಾ ವಾರ ನನ್ನ ಕಡಿಂದ ಒಂದು ಕಾಗದಕ್ಕ ಸಹಿ ತಗೊಂಡಿದ್ರು. ಸೂಟಿ ಕಾಗದ ಅಂತ ತಿಳಕೊಂಡೆ. ಹಾಸ್ಟೆಲ್ ಬಂದ್ ಮಾಡೋದು ಅದರಾಗ ಬರದಿತ್ತಂತ. ಯಾರೂ ಓದಿ ಹೇಳಲಿಲ್ಲ. ಜೂನದಾಗ ಒಂದು ಹುಡಿಗಿ ಟ್ರಂಕ್ ಹೊತ್ಕೊಂಡು ಬಂತಂತ್ರಿ. ಬಾಗಲಕ್ಕ ಕೀಲಿ. ಯವ್ವ ಸುಳ್ಳು ಹೇಳಿದ್ಲು ಅಂತ ಅಂದ್ಕೊಂಡು ಹೋಗಿರ್ತದ."

ನಾನು ಅದನ್ನು ಇಂಗ್ಲಿಷಿಗೆ ತಂದೆ. ಒಂದು ಮಾತನ್ನೂ ಬಿಡಲಿಲ್ಲ. ಮಾಮಾ ಆಲಿಸ್ ಮೊರವನ್ನು ಪಕ್ಕಕ್ಕೆ ಸರಿಸಿ, ರೂತವ್ವನ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಎದ್ದು, ಚಿಕ್ಕ ಮಕ್ಕಳ ಕೋಣೆಯ ಬಾಗಿಲು ತೆಗೆದು, ಬನ್ನಿ ಮಾಮಾ ದೇವದುರ್ಗ ಎಂದರು.

ಅಕಿನ್ಯಿಯ ಜ್ವರ ಇಳಿದಿತ್ತು. ಮೂರು ದಿನದಿಂದ ಕಾಣದಿದ್ದವರನ್ನು ಕಂಡು ಓಡಿ ಬಂದು ಮೊದಲು ಕೈ ಕೊಟ್ಟಿತು, ಖಬರು ಕೇಳಿತು, ಆಮೇಲೆ ಸೆರಗು ಹಿಡಿಯಿತು. ರೂತವ್ವ ಅದಕ್ಕೆ ಗಂಜಿ ಕುಡಿಸಿ, ಬಾಯಿ ಒರೆಸಿ ಎದ್ದು ನಿಂತರು. ಮಗು ಸೆರಗು ಬಿಡದೆ ಮುಖ ಮೇಲೆತ್ತಿ, "ಕೇಶೋ?" ಎಂದು ಕೇಳಿತು.

ಆ ಮಾತಿಗೆ ದಖನಿಯಲ್ಲಿ ಜೋಡಿ ಇರಲಿಲ್ಲ. ರೂತವ್ವ ನನ್ನ ಕಡೆ ನೋಡಿದರು. ಕೇಶೋ ಎಂದರೆ ನಾಳೆ ಎಂಬಷ್ಟನ್ನು ನಾನೂ ಕಲಿತಿದ್ದೆ, ನಾಳೆ ಬರುತ್ತೀರಾ ಎಂದು ಕೇಳುತ್ತಿದೆ ಎಂದೆ.

ರೂತವ್ವ ಮೊದಲು ನನ್ನನ್ನು ಕೇಳಿದರು. "ಅಕ್ಕೋರ, ನಾಳಿಗೆ ನನ್ನ ಇಲ್ಲೇ ಬಿಡ್ತಾರಲ್ರಿ? ಖರೇನಾ?"

ಹೌದು ಎನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಅಂಗಳ ದಾಟಿ ಮಾಮಾ ಆಲಿಸರ ಕೋಣೆಗೆ ಹೋಗಿ, ನಾಳೆಯ ಕೆಲಸದ ಪಟ್ಟಿಯಲ್ಲಿ ರೂತವ್ವನ ಹೆಸರು ಎಲ್ಲಿದೆ ಎಂದು ಕೇಳಿ, ನನ್ನ ಕಣ್ಣಾರೆ ನೋಡಿ, ತಿರುಗಿ ಬಂದೆ. ಅವರಿಬ್ಬರೂ ಹಾಗೇ ನಿಂತಿದ್ದರು.

"ಖರೇ ರೂತವ್ವ. ನಾಳೆ ಇಡೀ ದಿನ ಇಲ್ಲೇ."

ರೂತವ್ವ ಬಗ್ಗಿ ಮಗುವಿನ ಮುಖಕ್ಕೆ ಮುಖ ಸಮ ಮಾಡಿಕೊಂಡು, "ಕೇಶೋ" ಎಂದರು.